ಹಿಮಕುಸಿತದ ಪಾಠ: ಮಣೆ, ಹಿಟ್ಟು ಮತ್ತು ಸಕ್ಕರೆ

ನಿಟ್ಟೂರಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಮೂರನೇ ವಾರ ಒಂಬತ್ತನೇ ತರಗತಿಗೆ ಹಿಮಕುಸಿತದ ಪಾಠ ಮಾಡಿದೆ. ಪೀಠಿಕೆಗೆ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಕಥೆ ಆರಿಸಿಕೊಂಡಿದ್ದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಹೂತುಹೋದರು. ದಿನಗಳ ನಂತರ ಜೀವಂತ ಸಿಕ್ಕ ಇವರೊಬ್ಬರೂ 11ರಂದು ದೆಹಲಿಯಲ್ಲಿ ತೀರಿಕೊಂಡರು. ತರಗತಿ ಸ್ತಬ್ಧವಾಯಿತು. ಪೀಠಿಕೆ ಗೆದ್ದಿತು ಎಂದುಕೊಂಡೆ. ಕೊನೆಯ ಬೆಂಚಿನ ಹುಡುಗನೊಬ್ಬ ಕಡೆಯವರೆಗೂ ತಲೆ ಎತ್ತಲಿಲ್ಲವೆಂದು ಹೇಳಿದವಳು ಪಾಠ ವೀಕ್ಷಿಸುತ್ತಿದ್ದ ಸಹಪಾಠಿ. ಅವನ ಅಣ್ಣ ಸೈನ್ಯದಲ್ಲಿ, ಲಡಾಖ್‌ನಲ್ಲಿದ್ದಾನಂತೆ.

ಮಕ್ಕಳಿಗೆ ಪಾಠವೂ ಹತ್ತಿರಲಿಲ್ಲ. "ಹಿಮ ಮಳೆ ತರ ಬೀಳೋದಲ್ವಾ ಮಿಸ್, ಅದರಲ್ಲಿ ಹೂತುಹೋಗೋದು ಹೇಗೆ?" ಎಂದಳು ಒಬ್ಬಳು. ಪತ್ರಿಕೆಗಳು ಎರಡಕ್ಕೂ 'ಹಿಮಪಾತ' ಎಂದೇ ಬರೆಯುತ್ತವೆ. ನಾನೂ ಹಾಗೇ ಹೇಳಿದ್ದೆ. ಕೂಗಿದರೆ ಹಿಮ ಜಾರುತ್ತದೆ ಎಂದೂ ಪಾಠಯೋಜನೆಯಲ್ಲಿ ಬರೆದಿದ್ದೆ. ಅದು ಸಿನಿಮಾದ ಮಾತು ಎಂದು ಮೇಲ್ವಿಚಾರಕರು ಗೀಟು ಹಾಕಿದರು: ಅಪಘಾತಗಳಲ್ಲಿ ಹೆಚ್ಚಾಗಿ ಹಿಮವನ್ನು ಜಾರಿಸುವುದು ಅದರ ಮೇಲೆ ನಡೆಯುವವರ ಭಾರವೇ.

ಮರುದಿನ ಅದೇ ತರಗತಿಗೆ ಮಣೆ, ರಾಗಿ ಹಿಟ್ಟು, ಅಕ್ಕಿ ಹಿಟ್ಟು, ಸಕ್ಕರೆ ಒಯ್ದೆ. ರಾಗಿ ಹಿಟ್ಟನ್ನು ಒತ್ತಿ, ಮೇಲೆ ತೆಳುವಾಗಿ ಸಕ್ಕರೆ ಹರಡಿ, ಅದರ ಮೇಲೆ ಅಕ್ಕಿ ಹಿಟ್ಟು ಒತ್ತಿದೆ. ಮಣೆ ಎತ್ತುವ ಕೆಲಸ ಆ ಹುಡುಗನಿಗೇ ಕೊಟ್ಟೆ. ಕೋನಮಾಪಕ 35 ಡಿಗ್ರಿ ದಾಟುತ್ತಿದ್ದಂತೆ ಬಿಳಿ ಪದರ ಇಡಿಯಾಗಿ ಜಾರಿತು. ಸಕ್ಕರೆ ಇಲ್ಲದೆ ಮಾಡಿದಾಗ ಅಷ್ಟೇ ಕೋನದಲ್ಲಿ ಅಲುಗಲಿಲ್ಲ. ಬೆಟ್ಟದಲ್ಲೂ ಹೀಗೆಯೇ: ಬೇರೆ ಬೇರೆ ದಿನ ಬಿದ್ದ ಹಿಮ ಪದರಪದರವಾಗಿ ಕೂರುತ್ತದೆ, ನಡುವೆ ಸಕ್ಕರೆಯಂಥ ಬಿಡಿ ಹರಳಿನ ಪದರವಿದ್ದರೆ ಮೇಲಿನದಕ್ಕೆ ಹಿಡಿತವಿಲ್ಲ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನವು. ಇನ್ನೂ ಕಡಿದಾದಲ್ಲಿ ಹಿಮ ನಿಲ್ಲುವುದೇ ಕಡಿಮೆ.

ವಸಂತದ ವಿಷಯಕ್ಕೆ ಉಪಕರಣ ಬೇಕಾಗಲಿಲ್ಲ, ಮಳೆಗೆ ನೆನೆದ ಮಣ್ಣಿನ ಗೋಡೆ ಸಾಕಾಯಿತು. ಹಗಲು ಬಿಸಿಲಿಗೆ ಕರಗಿದ ನೀರು ಒಳಗಿಳಿದು ಹರಳುಗಳ ಹಿಡಿತ ಸಡಿಲಿಸುತ್ತದೆ, ರಾತ್ರಿ ಚಳಿಗೆ ಮತ್ತೆ ಗಟ್ಟಿಯಾಗುತ್ತದೆ. "ಹಂಗಾದ್ರೆ ಬಿಸಿಲೇರೋದರೊಳಗೆ ದಾಟಿಬಿಡಬೇಕು" ಎಂದರು ಮಕ್ಕಳೇ. ಮೋಡ ಕವಿದು ರಾತ್ರಿ ಹೆಪ್ಪುಗಟ್ಟದಿದ್ದರೆ ಬೆಳಿಗ್ಗೆಯೂ ನಂಬುವಂತಿಲ್ಲ ಎಂದು ನಾನು ಸೇರಿಸಿದೆ.

ಗಂಟೆ ಹೊಡೆದ ಮೇಲೆ ಹುಡುಗ ಹತ್ತಿರ ಬಂದ. "ಇದೆಲ್ಲ ನಮ್ಮಣ್ಣಂಗೆ ಹೇಳ್ಕೊಟ್ಟಿರ್ತಾರಾ ಮಿಸ್?" ಹಿಮದ ಜಾಗಕ್ಕೆ ಕಳಿಸುವವರಿಗೆ ತರಬೇತಿ ಇರುತ್ತದೆ, ಚಂಡೀಗಢದ ಡಿಆರ್‌ಡಿಒ ಪ್ರಯೋಗಾಲಯ ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ ಎಂದೆ. ಏನೂ ಆಗುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅವನು ಮಣೆ ಒರೆಸಿಕೊಟ್ಟು, ಕೋನಮಾಪಕವನ್ನು ಒಂದು ದಿನಕ್ಕೆ ಕೇಳಿ ತೆಗೆದುಕೊಂಡು ಹೋದ.