ಮುಂದಿನ ಟೈರ್ ಒಂದೇ ಅಂಚಿನಲ್ಲಿ ಸವೆದರೆ
ಗಂಗಾವತಿಯ ಗಿರಣಿಗಳಿಂದ ಕುಷ್ಟಗಿ, ಯಲಬುರ್ಗಾಕ್ಕೆ ಅಕ್ಕಿ ಸಾಗಿಸುವ ನಿಮ್ಮ ಎಲೆಕ್ಟ್ರಿಕ್ ಟ್ರಕ್‌ನ ಮುಂದಿನ ಟೈರ್‌ಗಳ ಹೊರ ಅಂಚು ಸವೆಯಲು ಮೋಟಾರಿನ ಎಳೆತವೇ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಗಾಡಿಯ ಮೋಟಾರ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ದೋಷ ಎಳೆತದ್ದಾಗಿದ್ದರೆ ಮೊದಲು ಅವೇ ಸವೆಯಬೇಕಿತ್ತು. ಬ್ಯಾಟರಿಯ ಭಾರ ಸವೆತವನ್ನು ಬೇಗ ಮಾಡುತ್ತದೆ, ನಿಜ. ಆದರೆ ಭಾರ ಹೆಚ್ಚಿ ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತವೆ, ಒಂದಲ್ಲ. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡಿ: ಒಂದು ದಿಕ್ಕಿಗೆ ನುಣುಪು, ಮರುದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ, ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್, ಅಂದರೆ ಚಕ್ರ ಪಕ್ಕಕ್ಕೆ ವಾಲಿರುವ ಕೋನದ, ಮೇಲೆ ಅನುಮಾನ.

ಕೊಪ್ಪಳದಲ್ಲಿ ಅಲೈನ್‌ಮೆಂಟ್ ಮಾಡಿಸಿಯಾಗಿದೆ ಎನ್ನುತ್ತೀರಿ. ಟೈ ರಾಡ್ ತುದಿಯೋ ಬೇರಿಂಗೋ ಸಡಿಲವಿದ್ದರೆ ಆ ಅಳತೆ ರಸ್ತೆಯ ಮೊದಲ ಗುಂಡಿಯಲ್ಲೇ ಕೆಡುತ್ತದೆ. ಚಕ್ರ ಎತ್ತಿಸಿ, ಅಲುಗಾಡಿಸಿ ನೋಡಿಸಿ. ಸಡಿಲ ಭಾಗ ಬದಲಿಸಿದ ಮೇಲೆಯೇ ಅಲೈನ್‌ಮೆಂಟ್. ತಂತಿ ಕಾಣುತ್ತಿರುವ ಟೈರನ್ನು ಮಾತ್ರ ದಯವಿಟ್ಟು ಇಂದೇ ತೆಗೆಸಿ.