ಮತದಾರನ ಮನಸ್ಸು ಮತ್ತು ಮೈಬಣ್ಣ



2008ರ ಚುನಾವಣೆಯಲ್ಲಿ ಬರಾಕ್ ಒಬಾಮಾ ಗೆದ್ದು ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರಾದರು ಎಂಬುದನ್ನು ನೀವು ಸಮಾಜ ವಿಜ್ಞಾನದಲ್ಲಿ ಓದಿದ್ದೀರಿ. ಆ ಚುನಾವಣೆಯ ಮಾತು ತರಗತಿಯಲ್ಲಿ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಉತ್ತರ ತಪ್ಪದೆ ಬರುತ್ತದೆ: “ಕರಿಯರೆಲ್ಲ ಅವರಿಗೆ ಹಾಕಿರ್ತಾರೆ, ಬಿಳಿಯರೆಲ್ಲ ಎದುರಾಳಿಗೆ ಹಾಕಿರ್ತಾರೆ, ಅಷ್ಟೇ ಸರ್.” ಲೆಕ್ಕ ಇಷ್ಟು ಸುಲಭವಾಗಿದ್ದರೆ ಒಬಾಮಾ ಗೆಲ್ಲುವುದು ಸಾಧ್ಯವೇ ಇರಲಿಲ್ಲ. ಅಮೆರಿಕದಲ್ಲಿ ಕಪ್ಪು ಜನರು ಎಂಟು ಮಂದಿಯಲ್ಲಿ ಒಬ್ಬರಷ್ಟು ಮಾತ್ರ. ಹಾಗಾದರೆ ಮೈಬಣ್ಣವು ಮತದಾರನ ಮನಸ್ಸಿನಲ್ಲಿ ಹೇಗೆ ಕೆಲಸ ಮಾಡುತ್ತದೆ? ಇದನ್ನು ತಿಳಿಯಲು ನವೆಂಬರ್ ತಿಂಗಳ ಮುಖ್ಯ ಚುನಾವಣೆಗಿಂತ ಅದಕ್ಕೆ ಮೊದಲು ನಡೆಯುವ ಪ್ರೈಮರಿ ಚುನಾವಣೆಯನ್ನು ನೋಡುವುದು ಹೆಚ್ಚು ಉಪಯುಕ್ತ.

ನಮ್ಮಲ್ಲಿ ಪಕ್ಷದ ಟಿಕೆಟು ಯಾರಿಗೆ ಎಂಬುದನ್ನು ಪಕ್ಷದ ಮುಖಂಡರು ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಒಂದು ಪಕ್ಷದಿಂದ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆಂಬುದನ್ನು ಒಂದೊಂದು ರಾಜ್ಯದ ಮತದಾರರೂ ಮತ ಹಾಕಿ ಹೇಳುತ್ತಾರೆ. ಇದೇ ಪ್ರೈಮರಿ. ಕೆಲವು ರಾಜ್ಯಗಳಲ್ಲಿ ಇದರ ಬದಲು ಜನರು ಸಭೆ ಸೇರಿ ಆಯ್ಕೆ ಮಾಡುವ ಕಾಕಸ್ ಎಂಬ ಪದ್ಧತಿ ಇದೆ. ಎಲ್ಲ ರಾಜ್ಯಗಳೂ ಒಂದೇ ದಿನ ಮತ ಹಾಕುವುದಿಲ್ಲ. ಜನವರಿಯಿಂದ ಜೂನ್‌ವರೆಗೆ ಒಂದಾದ ಮೇಲೊಂದರಂತೆ ಹಾಕುತ್ತವೆ. ಹಾಗಾಗಿ ಮುಂದಿನ ರಾಜ್ಯದವರು ಹಿಂದಿನ ರಾಜ್ಯದ ಫಲಿತಾಂಶವನ್ನು ನೋಡಿಯೇ ಮತಗಟ್ಟೆಗೆ ಹೋಗುತ್ತಾರೆ. ಈ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ಒಬಾಮಾ ಅವರಿಗೆ ಮುಖ್ಯ ಎದುರಾಳಿಯಾಗಿದ್ದವರು ಹಿಲರಿ ಕ್ಲಿಂಟನ್. ಇಬ್ಬರದೂ ಒಂದೇ ಪಕ್ಷ. ತೆರಿಗೆ, ಆರೋಗ್ಯ, ಶಿಕ್ಷಣ ಇವುಗಳಲ್ಲಿ ಇಬ್ಬರ ಅಭಿಪ್ರಾಯಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಪಕ್ಷದ ಗುರುತು ನೋಡಿ ಮತ ಹಾಕುವಂತಿಲ್ಲದ ಕಡೆ ಉಳಿದ ಗುರುತುಗಳು ಎದ್ದು ಕಾಣುತ್ತವೆ. ಒಬ್ಬರು ಕಪ್ಪು ಜನಾಂಗದವರು, ಇನ್ನೊಬ್ಬರು ಮಹಿಳೆ.

ದಕ್ಷಿಣ ಕ್ಯಾರೊಲೈನಾ ಎಂಬ ರಾಜ್ಯದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಗುಲಾಮಗಿರಿ ರದ್ದಾದ ಬಳಿಕ 1870ರಲ್ಲೇ ಅಮೆರಿಕದ ಸಂವಿಧಾನವು ಬಣ್ಣದ ಕಾರಣಕ್ಕೆ ಮತದಾನವನ್ನು ನಿರಾಕರಿಸಬಾರದು ಎಂದಿತು. ಆದರೆ ದಕ್ಷಿಣದ ರಾಜ್ಯಗಳು ಒಂದು ಉಪಾಯ ಹುಡುಕಿದವು. ಅಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಎದುರಾಳಿಯೇ ಇಲ್ಲದ್ದರಿಂದ ಪ್ರೈಮರಿಯಲ್ಲಿ ಗೆದ್ದವನೇ ಕೊನೆಗೂ ಗೆಲ್ಲುತ್ತಿದ್ದ. “ಪಕ್ಷವೆಂದರೆ ಖಾಸಗಿ ಸಂಘ, ನಮ್ಮ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಮತ” ಎಂದುಬಿಟ್ಟರೆ ಮುಗಿಯಿತು! ಟೆಕ್ಸಾಸ್ ರಾಜ್ಯದ ಇಂಥ ನಿಯಮವನ್ನು ಸುಪ್ರೀಂ ಕೋರ್ಟು 1944ರಲ್ಲಿ ತಳ್ಳಿಹಾಕಿತು. ದಕ್ಷಿಣ ಕ್ಯಾರೊಲೈನಾ ಆಗಲೂ ಬಗ್ಗಲಿಲ್ಲ. ಕೊಲಂಬಿಯಾ ನಗರದಲ್ಲಿ ಚಿಕ್ಕ ಅಂಗಡಿಯೊಂದನ್ನು ನಡೆಸುತ್ತಿದ್ದ ಜಾರ್ಜ್ ಎಲ್ಮೋರ್ ಎಂಬ ಕಪ್ಪು ವ್ಯಾಪಾರಿ ನ್ಯಾಯಾಲಯಕ್ಕೆ ಹೋದರು. 1947ರಲ್ಲಿ ನ್ಯಾಯಾಧೀಶ ವೇಟೀಸ್ ವೇರಿಂಗ್ ಅವರ ಪರವಾಗಿ ತೀರ್ಪು ಕೊಟ್ಟರು. 1948ರಲ್ಲಿ ಆ ರಾಜ್ಯದ ಕಪ್ಪು ಜನರು ಡೆಮಾಕ್ರಟಿಕ್ ಪ್ರೈಮರಿಯ ಮತಗಟ್ಟೆಗಳ ಮುಂದೆ ಸಾಲಾಗಿ ನಿಂತು ಮತ ಹಾಕಿದರು. ಎಲ್ಮೋರ್ ಅವರ ವ್ಯಾಪಾರ ಮಾತ್ರ ನೆಲಕಚ್ಚಿತು. ಮನೆಯವರಿಗೆ ಬೆದರಿಕೆಗಳು ಬಂದವು. ಆಗ ಇಪ್ಪತ್ತು ವರ್ಷದವರಾಗಿದ್ದವರು 2008ರಲ್ಲಿ ಎಂಬತ್ತರವರು. ಅವರಿಗೆ ಇದು ಪುಸ್ತಕದ ಪಾಠವಲ್ಲ, ಕಣ್ಣಾರೆ ಕಂಡದ್ದು.

ಇಂಥ ರಾಜ್ಯದಲ್ಲಿ ಕಪ್ಪು ಜನರೆಲ್ಲ ಮೊದಲ ದಿನದಿಂದಲೇ ಒಬಾಮಾ ಅವರ ಹಿಂದೆ ನಿಂತಿರಬೇಕು ಎಂದು ನೀವು ಊಹಿಸಬಹುದು. ಹಾಗಾಗಲಿಲ್ಲ. 2007ರ ಉದ್ದಕ್ಕೂ ಅವರಲ್ಲಿ ಬಹಳ ಮಂದಿ ಕ್ಲಿಂಟನ್ ಅವರ ಕಡೆಗಿದ್ದರು. ಹಿಂದೆ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಕುಟುಂಬದ ಮೇಲಿನ ವಿಶ್ವಾಸ ಒಂದು ಕಾರಣ. ಒಬಾಮಾ ಹೆಚ್ಚು ಪರಿಚಿತರಲ್ಲ ಎಂಬುದು ಇನ್ನೊಂದು. ಇವೆರಡಕ್ಕಿಂತ ಆಳವಾದುದು ಮೂರನೆಯದು. ‘ನಾವೇನೋ ಹಾಕುತ್ತೇವೆ, ಬಿಳಿಯರು ಹಾಕುತ್ತಾರೆಯೇ?’ ಎಂಬ ಸಂಶಯ. ಅವರ ಜೀವಕ್ಕೆ ಅಪಾಯವಾದೀತೆಂಬ ಅಂಜಿಕೆಯೂ ಇತ್ತು. ಮೊದಲ ಮತದಾನಕ್ಕೆ ಎಂಟು ತಿಂಗಳಿರುವಾಗಲೇ, 2007ರ ಮೇ ತಿಂಗಳಲ್ಲಿ, ಸರಕಾರವು ಒಬಾಮಾ ಅವರಿಗೆ ಅಂಗರಕ್ಷಕರನ್ನು ಒದಗಿಸಿತ್ತು. 1965ರಲ್ಲಿ ಮತದಾನದ ಹಕ್ಕಿಗಾಗಿ ಸೆಲ್ಮಾದಲ್ಲಿ ಪೊಲೀಸರಿಂದ ತಲೆ ಒಡೆಸಿಕೊಂಡ ಜಾನ್ ಲೂಯಿಸ್ ಅವರೂ ಮೊದಲು ಬೆಂಬಲಿಸಿದ್ದು ಕ್ಲಿಂಟನ್ ಅವರನ್ನೇ. ಒಬಾಮಾ ಅವರ ಕಡೆಗೆ ಬಂದದ್ದು 2008ರ ಫೆಬ್ರವರಿಯಲ್ಲಿ.

ಮೊದಲ ಮತದಾನ 2008ರ ಜನವರಿ 3ರಂದು ಅಯೋವಾದಲ್ಲಿ. ಜೋಳದ ಹೊಲಗಳ ಈ ರಾಜ್ಯದಲ್ಲಿ ಆಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಿಳಿಯರಾಗಿದ್ದರು. ಅಲ್ಲಿಯದು ಕಾಕಸ್. ಊರವರು ಶಾಲೆಗಳಲ್ಲೋ ಚರ್ಚುಗಳಲ್ಲೋ ಸೇರಿ, ತಾವು ಮೆಚ್ಚಿದ ಅಭ್ಯರ್ಥಿಯ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲುತ್ತಿದ್ದರು, ತಲೆ ಎಣಿಕೆಯಾಗುತ್ತಿತ್ತು. ಒಬಾಮಾ ನೂರಕ್ಕೆ ಸುಮಾರು 38 ಪಾಲು ಪಡೆದು ಗೆದ್ದರು. ಕ್ಲಿಂಟನ್ ಮೂರನೆಯವರಾದರು. ಜನವರಿ 26ರಂದು ದಕ್ಷಿಣ ಕ್ಯಾರೊಲೈನಾ ಮತ ಹಾಕಿದಾಗ ಒಬಾಮಾ ಅವರಿಗೆ ನೂರಕ್ಕೆ 55, ಕ್ಲಿಂಟನ್ ಅವರಿಗೆ 27ರಷ್ಟು ಬಂದವು. ಕಪ್ಪು ಮತದಾರರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಒಬಾಮಾ ಅವರಿಗೆ ಹೋಗಿತ್ತು. ಮೂರು ವಾರಗಳಲ್ಲಿ ಒಬಾಮಾ ಅವರ ಬಣ್ಣ ಬದಲಾಗಲಿಲ್ಲವಷ್ಟೆ? ಬದಲಾದದ್ದು ಬಿಳಿಯರ ಬಗ್ಗೆ ಕಪ್ಪು ಜನರಿಗಿದ್ದ ಅಂದಾಜು. ಮತದಾರನು ತನ್ನ ಮನಸ್ಸನ್ನು ಮಾತ್ರವಲ್ಲ, ನೆರೆಯವನ ಮನಸ್ಸನ್ನೂ ಲೆಕ್ಕ ಹಾಕುತ್ತಾನೆ.

ನಡುವೆ, ಜನವರಿ 8ರಂದು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೇರೆಯೇ ನಡೆದಿತ್ತು. ಒಬಾಮಾ ಗೆಲ್ಲುತ್ತಾರೆಂದು ಸಮೀಕ್ಷೆಗಳು ಹೇಳಿದ್ದವು, ಕ್ಲಿಂಟನ್ ಗೆದ್ದರು. ಕೂಡಲೇ ಪತ್ರಿಕೆಗಳು ಟಾಮ್ ಬ್ರಾಡ್ಲಿ ಅವರನ್ನು ನೆನಪಿಸಿಕೊಂಡವು. ಲಾಸ್ ಏಂಜಲಿಸ್ ನಗರದ ಮೇಯರ್ ಆಗಿದ್ದ ಈ ಕಪ್ಪು ನಾಯಕರು 1982ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲ ಪದವಿಗೆ ಸ್ಪರ್ಧಿಸಿ, ಸಮೀಕ್ಷೆಗಳಲ್ಲಿ ಮುಂದಿದ್ದೂ, ಒಂದು ಲಕ್ಷಕ್ಕಿಂತ ಕಡಿಮೆ ಮತಗಳಿಂದ ಸೋತಿದ್ದರು. (ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ.) ಬಿಳಿಯರು ಸಮೀಕ್ಷೆಯವರ ಮುಂದೆ ಒಳ್ಳೆಯವರೆನಿಸಿಕೊಳ್ಳಲು ಒಂದು ಹೇಳಿ, ಗುಟ್ಟಾಗಿ ಇನ್ನೊಂದು ಮಾಡುತ್ತಾರೆ ಎಂಬ ವಾದಕ್ಕೆ ಅಂದಿನಿಂದ ‘ಬ್ರಾಡ್ಲಿ ಪರಿಣಾಮ’ ಎಂದು ಹೆಸರು. ಅಯೋವಾದಲ್ಲಿ ಎಲ್ಲರ ಎದುರು ನಿಂತು ಮತ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗುಪ್ತ ಮತ. ಹಾಗಾಗಿ ವಾದವೂ ಚೆನ್ನಾಗಿ ಹೊಂದಿಕೊಂಡಿತು.

ಆದರೆ ಅಂಕಿಗಳನ್ನು ನಿಧಾನವಾಗಿ ನೋಡಿರಿ. ಸಮೀಕ್ಷೆಗಳು ಒಬಾಮಾ ಅವರಿಗೆ ಎಷ್ಟು ಹೇಳಿದ್ದವೋ ಹೆಚ್ಚುಕಡಿಮೆ ಅಷ್ಟೇ ಮತಗಳು ಅವರಿಗೆ ಬಿದ್ದಿದ್ದವು, ನೂರಕ್ಕೆ 36ಕ್ಕೂ ಸ್ವಲ್ಪ ಹೆಚ್ಚು. ಏರಿದ್ದು ಕ್ಲಿಂಟನ್ ಅವರ ಪಾಲು. ಕೊನೆಯ ಗಳಿಗೆಯಲ್ಲಿ ಮನಸ್ಸು ಮಾಡಿದವರು, ಅದರಲ್ಲೂ ಮಹಿಳೆಯರು, ಅವರ ಕಡೆಗೆ ಬಂದಿದ್ದರು. ಸುಳ್ಳು ಹೇಳಿದವರು ಇರಲೇ ಇಲ್ಲವೆಂದಲ್ಲ. ಆದರೆ ಸುಳ್ಳಿಲ್ಲದೆಯೂ ಈ ಫಲಿತಾಂಶ ಬರಬಹುದಿತ್ತು. ಒಂದು ಆಕರ್ಷಕವಾದ ವಿವರಣೆ ಕೈಗೆ ಸಿಕ್ಕಿದಾಗ ಅದನ್ನೇ ಹಿಡಿದು ಕೂರುವ ಚಪಲ ದೊಡ್ಡವರಿಗೂ ಇದೆ, ಪತ್ರಿಕೆಗಳಿಗೂ ಇದೆ.

ಹಾಗೆಂದು ಮೈಬಣ್ಣ ಲೆಕ್ಕಕ್ಕೇ ಬರಲಿಲ್ಲ ಎನ್ನುವುದೂ ತಪ್ಪು. ಏಪ್ರಿಲ್ 22ರಂದು ಪೆನ್ಸಿಲ್ವೇನಿಯಾದಲ್ಲಿ ಮತ ಹಾಕಿ ಹೊರಬಂದವರನ್ನು ಕೇಳಿದಾಗ, ಐವರಲ್ಲಿ ಒಬ್ಬರಷ್ಟು ಮಂದಿ ಅಭ್ಯರ್ಥಿಯ ಜನಾಂಗ ತಮಗೆ ಮುಖ್ಯವಾಗಿತ್ತೆಂದು ತಾವಾಗಿಯೇ ಒಪ್ಪಿಕೊಂಡರು. ಮೇ 13ರಂದು ವೆಸ್ಟ್ ವರ್ಜೀನಿಯಾದ ಬಿಳಿಯರಲ್ಲೂ ಅಷ್ಟೇ ಪಾಲು ಹಾಗೆಂದರು. ಅವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಮತ ಹಾಕಿದ್ದು ಕ್ಲಿಂಟನ್ ಅವರಿಗೆ. ಆ ರಾಜ್ಯದಲ್ಲಿ ಒಬಾಮಾ ಅವರಿಗೆ ಸಿಕ್ಕಿದ್ದು ನೂರಕ್ಕೆ 26. ಹೆಚ್ಚುಕಡಿಮೆ ಅಷ್ಟೇ ಬಿಳಿಯರಿರುವ ವರ್ಮಾಂಟ್ ರಾಜ್ಯದಲ್ಲಿ ಎರಡು ತಿಂಗಳ ಹಿಂದೆ ಅವರಿಗೆ ಸಿಕ್ಕಿದ್ದು ನೂರಕ್ಕೆ 59! ಒಂದು ಕಡೆ ಕಲ್ಲಿದ್ದಲಿನ ಗಣಿಗಳು, ಕಡಿಮೆ ಓದು, ಕೈಬಿಟ್ಟುಹೋಗುತ್ತಿದ್ದ ಕೆಲಸ. ಇನ್ನೊಂದು ಕಡೆ ಹೆಚ್ಚು ಓದಿದವರು, ಬೇರೆ ರಾಜಕೀಯ ಪರಂಪರೆ. ‘ಬಿಳಿಯರ ಮತ’ ಎಂಬ ಒಂದೇ ಗಂಟು ಎಲ್ಲಿದೆ?

ಮನಸ್ಸಿನೊಳಗಿನದನ್ನು ಅಳೆಯುವುದು ಹೇಗೆ ಎಂಬುದು ವಿದ್ವಾಂಸರಿಗೂ ಕಷ್ಟದ ಪ್ರಶ್ನೆ. ‘ನೀವು ಕಪ್ಪು ಜನರನ್ನು ದ್ವೇಷಿಸುತ್ತೀರಾ?’ ಎಂದು ಕೇಳಿದರೆ ಹೌದೆನ್ನುವವರು ವಿರಳ. ಆದುದರಿಂದ ಬಳಸಿ ಕೇಳುತ್ತಾರೆ. ಐರ್ಲೆಂಡ್, ಇಟಲಿಗಳಿಂದ ಬಂದ ವಲಸೆಗಾರರು ತಾವೇ ದುಡಿದು ಮೇಲೆ ಬಂದರು, ಕಪ್ಪು ಜನರೂ ವಿಶೇಷ ಸವಲತ್ತಿಲ್ಲದೆ ಹಾಗೇ ಬರಬೇಕು, ಇದನ್ನು ಒಪ್ಪುತ್ತೀರೋ ಇಲ್ಲವೋ? ಇಂಥ ಉತ್ತರಗಳನ್ನು ಮೈಕೆಲ್ ಟೆಸ್ಲರ್ ಮತ್ತು ಡೇವಿಡ್ ಸಿಯರ್ಸ್ ಎಂಬ ವಿದ್ವಾಂಸರು 2008ರ ಮತದಾರರ ಆಯ್ಕೆಯೊಂದಿಗೆ ಹೋಲಿಸಿ 2010ರಲ್ಲಿ ಪುಸ್ತಕ ಪ್ರಕಟಿಸಿದರು. ಕಪ್ಪು ಜನರ ಬಗ್ಗೆ ಅಸಮಾಧಾನವಿದ್ದವರು ಕ್ಲಿಂಟನ್ ಕಡೆಗೂ, ಸಹಾನುಭೂತಿಯಿದ್ದವರು ಒಬಾಮಾ ಕಡೆಗೂ ವಾಲಿದ್ದು ಅದರಲ್ಲಿ ಕಂಡುಬಂತು. ಅಂದರೆ ಬಣ್ಣವು ಒಬಾಮಾ ಅವರಿಂದ ಮತಗಳನ್ನು ಕಳೆದದ್ದು ಮಾತ್ರವಲ್ಲ, ಅವರಿಗೆ ಮತಗಳನ್ನು ತಂದುಕೊಟ್ಟದ್ದೂ ಹೌದು.

ಒಬಾಮಾ ಈ ವಿಷಯವನ್ನು ಆದಷ್ಟು ಬದಿಗಿಟ್ಟೇ ಪ್ರಚಾರ ಮಾಡಿದ್ದರು. ಅವರ ಚರ್ಚಿನ ಪಾದ್ರಿ ಅಮೆರಿಕವನ್ನು ಕಟುವಾಗಿ ಖಂಡಿಸಿದ್ದ ಭಾಷಣಗಳು ಟಿ.ವಿ.ಯಲ್ಲಿ ಬಂದಾಗ ಸುಮ್ಮನಿರುವಂತಾಗಲಿಲ್ಲ. 2008ರ ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಮಾತನಾಡುತ್ತಾ ಅವರು ತಮ್ಮನ್ನು ಸಾಕಿದ ಬಿಳಿಯ ಅಜ್ಜಿಯನ್ನು ನೆನೆದರು. ಮೊಮ್ಮಗನನ್ನು ಪ್ರಾಣದಂತೆ ಪ್ರೀತಿಸಿದ ಆ ಅಜ್ಜಿಯೇ, ಬೀದಿಯಲ್ಲಿ ಎದುರಾಗುವ ಕಪ್ಪು ಗಂಡಸರನ್ನು ಕಂಡರೆ ತನಗೆ ಭಯವಾಗುತ್ತದೆಂದು ಒಮ್ಮೆ ಹೇಳಿದ್ದರಂತೆ.

ಮುಂದೆ 2020ರಲ್ಲಿ ದಕ್ಷಿಣ ಕ್ಯಾರೊಲೈನಾ ಮತ್ತೊಮ್ಮೆ ಎಲ್ಲರ ಊಹೆಯನ್ನು ಸುಳ್ಳುಮಾಡಿತು. ಕಪ್ಪು ಅಭ್ಯರ್ಥಿಗಳಾಗಿದ್ದ ಕಮಲಾ ಹ್ಯಾರಿಸ್ ಮತ್ತು ಕೋರಿ ಬುಕರ್ ಮೊದಲ ಮತ ಬೀಳುವ ಮುಂಚೆಯೇ ಹಿಂದೆ ಸರಿದಿದ್ದರು. ಅಯೋವಾದಲ್ಲಿ ನಾಲ್ಕನೆಯವರೂ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರೂ ಆಗಿದ್ದ ಜೋ ಬೈಡನ್ ಎಂಬ ಬಿಳಿಯ ಹಿರಿಯರನ್ನು ಫೆಬ್ರವರಿ 29ರಂದು ಎತ್ತಿ ನಿಲ್ಲಿಸಿದವರು ಆ ರಾಜ್ಯದ ಕಪ್ಪು ಮತದಾರರು. ಅವರಲ್ಲಿ ಹತ್ತಕ್ಕೆ ಆರು ಮಂದಿ ಬೈಡನ್ ಅವರಿಗೆ ಹಾಕಿದ್ದರು. ಬೈಡನ್, ಒಬಾಮಾ ಅವರ ಉಪಾಧ್ಯಕ್ಷರಾಗಿದ್ದವರು. ನವೆಂಬರಿನಲ್ಲಿ ಯಾರು ಗೆಲ್ಲಬಲ್ಲರು ಎಂಬ ಹಳೆಯ ಲೆಕ್ಕಾಚಾರವೂ ಅಲ್ಲಿತ್ತು. 2024ರಲ್ಲಿ ಪಕ್ಷವು ಅಯೋವಾವನ್ನು ಹಿಂದಕ್ಕೆ ಸರಿಸಿ, ತನ್ನ ಮೊದಲ ಅಧಿಕೃತ ಪ್ರೈಮರಿಯನ್ನು ಫೆಬ್ರವರಿ 3ರಂದು ದಕ್ಷಿಣ ಕ್ಯಾರೊಲೈನಾದಲ್ಲೇ ನಡೆಸಿತು.

ಚರ್ಚಿಸಿರಿ: ದಕ್ಷಿಣ ಕ್ಯಾರೊಲೈನಾ ಅಯೋವಾಕ್ಕಿಂತ ಮೊದಲೇ ಮತ ಹಾಕಿದ್ದರೆ 2008ರ ಕಥೆ ಏನಾಗುತ್ತಿತ್ತು? ‘ನಾನೇನೋ ಹಾಕುತ್ತೇನೆ, ಬೇರೆಯವರು ಹಾಕಲಿಕ್ಕಿಲ್ಲ’ ಎಂದು ಮತ ಬದಲಿಸುವವನನ್ನು ಜಾಣ ಎನ್ನುತ್ತೀರಾ, ಅಂಜುಬುರುಕ ಎನ್ನುತ್ತೀರಾ? ನಿಮ್ಮ ತರಗತಿಯ ನಾಯಕನ ಆಯ್ಕೆಯನ್ನು ಒಮ್ಮೆ ಕೈ ಎತ್ತಿಸಿ, ಇನ್ನೊಮ್ಮೆ ಚೀಟಿಯಲ್ಲಿ ಬರೆಸಿ ಮಾಡಿ ನೋಡಿರಿ. ಎರಡು ಫಲಿತಾಂಶಗಳನ್ನೂ ಕರಿಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಿರಿ.