ಮನೆಯಲ್ಲಿ ಲೆಕ್ಕ ಹೇಳಿಕೊಡುವವರಿಗೆ ಒಂಬತ್ತು ಸೂತ್ರಗಳು

ಎರಡನೇ ಕ್ಲಾಸಿನ ಪೋಷಕರ ಸಭೆಯಲ್ಲಿ ಗಣಿತದ ಮಾತು ಬಂದರೆ ಸಾಕು, ಎರಡು ಪಕ್ಷವಾಗುತ್ತದೆ. ‘ನಮಗೆ ಇಪ್ಪತ್ತರವರೆಗೆ ಮಗ್ಗಿ ಬಾಯಲ್ಲೇ ಇತ್ತು, ಇವು ಇನ್ನೂ ಕಡ್ಡಿ ಎಣಿಸುತ್ತಾ ಕೂತಿವೆ’ ಅನ್ನುವವರು ಒಂದು ಕಡೆ. ‘ಬಾಯಿಪಾಠ ಮಾಡಿ ನಾವೇನು ಕಡಿದು ಗುಡ್ಡೆ ಹಾಕಿದ್ದು? ಮಕ್ಕಳಿಗೆ ಅರ್ಥವಾಗಲಿ’ ಅನ್ನುವವರು ಇನ್ನೊಂದು ಕಡೆ. ಹಿಂದಿನ ಬೆಂಚಿನಲ್ಲಿ ಯಾರೋ ಅಬ್ಯಾಕಸ್ ಕ್ಲಾಸಿನ ಫೀಸು ವಿಚಾರಿಸುತ್ತಿರುತ್ತಾರೆ.

ಕರ್ನಾಟಕಕ್ಕೆ ಇದು ಹಳೆಯ ಚರ್ಚೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಗಿ, ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯತೊಡಗಿದ್ದು 1995ರಲ್ಲಿ. ಆಮೇಲೆ ಗಣಿತ ಕಲಿಕಾ ಆಂದೋಲನದ ಕಿಟ್ಟುಗಳು ಸರ್ಕಾರಿ ಶಾಲೆಗೆ ಬಂದವು. 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಬಂತು. ಮೂರನೇ ಕ್ಲಾಸು ಮುಗಿಸುವ ಮಗು 9999ರವರೆಗೆ ಸಂಖ್ಯೆ ಓದಬೇಕು ಎಂದಿತು. ಇಷ್ಟಾದರೂ ಅಸರ್ 2024ರ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳ ಪೈಕಿ ಎರಡಂಕಿಯ ಕಳೆಯುವ ಲೆಕ್ಕ ಬರುವುದು ಶೇ 33.7ರಷ್ಟು ಮಕ್ಕಳಿಗೆ ಮಾತ್ರ. ಪದ್ಧತಿಯ ಬಗ್ಗೆ ವಾದ ಮಾಡುವ ನಾವು ಮಗುವಿನ ನೋಟ್‌ಬುಕ್ ತೆರೆದು ನೋಡುವುದು ಕಡಿಮೆ. ಸೂತ್ರಗಳು ಅಲ್ಲಿಂದಲೇ ಶುರುವಾಗಲಿ.

1. ತಪ್ಪು ಉತ್ತರವನ್ನು ಅಳಿಸುವ ಮೊದಲು ಓದಿ.

52ರಲ್ಲಿ 27 ಕಳೆದು ಮಗು 35 ಎಂದು ಬರೆದಿದೆ ಅಂದುಕೊಳ್ಳಿ. ‘ಗಮನ ಎಲ್ಲಿತ್ತು?’ ಎಂದು ತಲೆಗೆ ಮೊಟಕಬೇಡಿ. ಗಮನವಿಟ್ಟೇ ಮಾಡಿದೆ. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು ಬರೆದಿದೆ. ಐದರಲ್ಲಿ ಎರಡು ಹೋಗಿ ಮೂರು. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅದು ತಾನೇ ಮಾಡಿಕೊಂಡ ನಿಯಮ. ಇಂಥ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಇಪ್ಪತ್ತನ್ನೂ ಹೀಗೇ ಮಾಡಿ, ಆ ನಿಯಮವನ್ನೇ ಗಟ್ಟಿ ಮಾಡಿಕೊಳ್ಳುತ್ತದೆ.

ಪೆನ್ಸಿಲ್ ಪಕ್ಕಕ್ಕಿಡಿ. ಪೊರಕೆ ಕಡ್ಡಿಯನ್ನು ಸಣ್ಣಗೆ ಮುರಿದು, ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು ಮಾಡಿ, ಎರಡು ಬಿಡಿ ಕಡ್ಡಿ ಇಡಿ. ‘ಇದರಲ್ಲಿ ನನಗೆ 27 ಕೊಡು’ ಎಂದು ಕೈ ಚಾಚಿ. ಮಗು ಎರಡು ಕಟ್ಟು ಕೊಡುತ್ತದೆ, ಎರಡು ಬಿಡಿ ಕಡ್ಡಿಯನ್ನೂ ಕೊಡುತ್ತದೆ, ಆಮೇಲೆ ನಿಲ್ಲುತ್ತದೆ. ಬಾಯಿ ಬಿಡಬೇಡಿ, ಕಷ್ಟ, ಆದರೂ ಬೇಡ. ಅದು ಉಳಿದ ಕಟ್ಟುಗಳನ್ನು ನೋಡುತ್ತದೆ, ನಿಮ್ಮ ಮುಖ ನೋಡುತ್ತದೆ, ಕೊನೆಗೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ‘ಪಕ್ಕದ ಮನೆಯಿಂದ ಸಾಲ’ ಎಂದು ನಾವು ಅರ್ಥವಾಗದೆ ಹೇಳಿಕೊಂಡು ಬಂದದ್ದು ಇದನ್ನೇ. ಒಂದು ವಾರ ಹೀಗೆ ಆದ ಮೇಲೆ ಅದೇ ಲೆಕ್ಕವನ್ನು ಪುಸ್ತಕದಲ್ಲಿ ಮಾಡಿಸಿ, ಕಡ್ಡಿ ಪಕ್ಕದಲ್ಲೇ ಇರಲಿ. ಬರೆಯುವುದು ಕೈಗೆ ಹತ್ತಿದ ಮೇಲೆ ಕಡ್ಡಿಯನ್ನು ಮಗುವೇ ಮರೆಯುತ್ತದೆ.

2. ಹೊಸ ದಾರಿ ಕಂಡ ಕೂಡಲೇ ಹುಬ್ಬು ಗಂಟಿಕ್ಕಬೇಡಿ.

ಅದೇ 52–27ಕ್ಕೆ ಈಗಿನ ಪುಸ್ತಕಗಳಲ್ಲಿ ಒಂದು ಗೆರೆ ಎಳೆದು ಜಿಗಿಸುತ್ತಾರೆ: 27ರಿಂದ 30ಕ್ಕೆ ಮೂರು, 30ರಿಂದ 50ಕ್ಕೆ ಇಪ್ಪತ್ತು, ಮೇಲೆ ಎರಡು, ಒಟ್ಟು 25. ‘ನೆಟ್ಟಗೆ ಕಳೆಯೋದು ಬಿಟ್ಟು ಇದೇನು ಕುಣಿತ?’ ಎಂದು ಅಪ್ಪ ರೇಗುತ್ತಾರೆ. ಆದರೆ ಸಂತೆಯಲ್ಲಿ ಸೊಪ್ಪು ಮಾರುವಾಕೆ ಚಿಲ್ಲರೆ ಎಣಿಸಿ ಕೊಡುವುದು ಹೀಗೆಯೇ. 27 ರೂಪಾಯಿಯ ಸೊಪ್ಪಿಗೆ ಐವತ್ತರ ನೋಟು ಕೊಟ್ಟರೆ, ಮೂರು ರೂಪಾಯಿ ಕೈಗಿಟ್ಟು ‘ಮೂವತ್ತು’, ಇಪ್ಪತ್ತರ ನೋಟು ಇಟ್ಟು ‘ಐವತ್ತು’. ಹಾಗೆಯೇ 38ಕ್ಕೆ 47 ಕೂಡಲು ಹತ್ತುಗಳನ್ನು ಮೊದಲು ಸೇರಿಸಿ 70, ಬಿಡಿಗಳು 15, ಒಟ್ಟು 85 ಅನ್ನುವುದು ಅಜ್ಜಿಯ ಬಾಯಿಲೆಕ್ಕ. ಪುಸ್ತಕದಲ್ಲಿ ಅಚ್ಚಾಗಿ ಬಂದದ್ದಕ್ಕೆ ಅದು ನಮಗೆ ವಿದೇಶಿಯಾಗಿ ಕಾಣುತ್ತದೆ.

ಶಾಲೆಗಳದೂ ಒಂದು ಅತಿರೇಕವಿದೆ. ಒಂದೇ ಲೆಕ್ಕವನ್ನು ನಾಲ್ಕು ವಿಧಾನದಲ್ಲಿ ಮಾಡು, ನಾಲ್ಕಕ್ಕೂ ಅಂಕ ಎಂದರೆ ವಿಧಾನವೇ ಹೊಸ ಬಾಯಿಪಾಠವಾಯಿತು. ಕೈಹಿಡಿದ ದಾರಿ ಒಂದು, ಉತ್ತರ ಸರಿಯೇ ಎಂದು ತಾಳೆ ನೋಡಲು ಇನ್ನೊಂದು. ಏಳು ವರ್ಷದ ಮಗುವಿಗೆ ಅಷ್ಟು ಸಾಕು.

3. ಮಗ್ಗಿ ಬೇಕೇ ಬೇಕು, ಆದರೆ ಗುಡ್ಡದಷ್ಟಲ್ಲ.

ಮಗ್ಗಿಯ ವಿಷಯದಲ್ಲಿ ನಾನು ಹಳಬರ ಪಕ್ಷ. ಏಳೆಂಟ್ಲ ಎಷ್ಟು ಎಂದು ಪ್ರತಿ ಸಲ ಎಣಿಸುತ್ತಾ ಕೂತರೆ ನಾಲ್ಕನೇ ಕ್ಲಾಸಿನ ಭಾಗಾಕಾರದಲ್ಲಿ ಮಗು ದಾರಿ ತಪ್ಪುತ್ತದೆ. ಆದರೆ ಒಂದರಿಂದ ಹತ್ತರ ಮಗ್ಗಿಯಲ್ಲಿರುವ ನೂರು ಸಾಲುಗಳನ್ನು ಕಂಡು ಗಾಬರಿ ಬೀಳಬೇಕಾಗಿಲ್ಲ. ಮೂರು ಏಳೂ ಏಳು ಮೂರೂ ಒಂದೇ ಎಂದು ತಿಳಿದರೆ ಉಳಿಯುವುದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಮಕ್ಕಳಿಗೆ ಬೇಗ ಬರುತ್ತವೆ. ಅವನ್ನೂ ಬದಿಗಿಟ್ಟರೆ ನಿಜಕ್ಕೂ ಉರು ಹೊಡೆಯಬೇಕಾದದ್ದು 21. ಅದರಲ್ಲೂ 7×8 ಮರೆತರೆ ಏಳ್ನಾಲ್ಕು 28, ಅದರ ಎರಡರಷ್ಟು 56 ಎಂದು ದಾರಿ ತೋರಿಸಿ. ಆ 21ನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ಬಂದದ್ದನ್ನು ಒಂದೊಂದಾಗಿ ಕಿತ್ತುಹಾಕಿ. ಹದಿನೇಳರ ಮಗ್ಗಿ ಮುಂದಿನ ವರ್ಷಕ್ಕಿರಲಿ.

‘ನಮ್ಮ ಕಾಲದ್ದೇ ಸರಿ’ ಅನ್ನುವವರಿಗೆ ಒಂದು ಮಾತು. ಹಿಂದೆ ಕೂಲಿಮಠವೆಂಬ ಊರ ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಒಪ್ಪಿಸಬೇಕಿತ್ತು. ಆಣೆ-ಸೇರುಗಳ ವ್ಯಾಪಾರಕ್ಕೆ ಅದು ಬೇಕಿತ್ತು. 1957ರಲ್ಲಿ ಹದಿನಾರಾಣೆಯ ರೂಪಾಯಿ ಹೋಗಿ ನೂರು ಪೈಸೆಯ ರೂಪಾಯಿ ಬಂತು. ಮೆಲ್ಲಗೆ ಕಾಲು ಮಗ್ಗಿಯೂ ಹೋಯಿತು. ಆಗಿನ ತಾತಂದಿರೂ ಗೊಣಗಿರಬೇಕು.

4. ಬೆರಳು ಮಡಚಿದರೆ ಮಡಚಲಿ.

ಕೈಯನ್ನು ಬೆನ್ನ ಹಿಂದೆ ಕಟ್ಟಿಸಬೇಡಿ. ಗೆಣ್ಣು ಎಣಿಸುತ್ತಲೇ ಸಂಸಾರದ ಲೆಕ್ಕ ನಡೆಸಿದವರು ನಮ್ಮ ಹಿರಿಯರು. ಎಂಟಕ್ಕೆ ಐದು ಕೂಡುವಾಗ ಒಂದರಿಂದ ಎಣಿಸದೆ ಎಂಟರಿಂದ ಮುಂದೆ ಎಣಿಸಲು ಕಲಿಸಿ; ಬೆರಳು ತಾನಾಗಿ ಬಿಟ್ಟುಹೋಗುತ್ತದೆ.

5. ಅಬ್ಯಾಕಸ್ ಜಾಹೀರಾತನ್ನು ಎರಡು ಸಲ ಓದಿ.

ಮಣಿ ಸರಿಸಿ ಲೆಕ್ಕ ಮಾಡುವುದರಿಂದ ಲಾಭವಿದೆ. ವಡೋದರಾದ ಶಾಲಾ ಮಕ್ಕಳ ಮೇಲೆ ಮೂರು ವರ್ಷ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನಸ್ಸಿನಲ್ಲೇ ಅಬ್ಯಾಕಸ್ ಬಳಸಲು ಕಲಿತವರು ಅಂಕಗಣಿತದಲ್ಲಿ ಮುಂದಿದ್ದರು. ಆದರೆ ಅವರ ನೆನಪಿನ ಶಕ್ತಿಯಂಥ ಮೂಲ ಸಾಮರ್ಥ್ಯಗಳು ಬದಲಾದದ್ದಕ್ಕೆ ಪುರಾವೆ ಸಿಗಲಿಲ್ಲ. ‘ಮೆದುಳಿನ ಎರಡೂ ಭಾಗ ಚುರುಕಾಗುತ್ತದೆ’ ಎಂಬ ಫ್ಲೆಕ್ಸ್ ನೋಡಿ ದುಡ್ಡು ಕಟ್ಟಬೇಡಿ. ಬಿಡಿ-ಹತ್ತು ತಿಳಿಯದ ಮಗುವನ್ನು ವೇಗದ ಸ್ಪರ್ಧೆಗೆ ಇಳಿಸಲೂ ಬೇಡಿ.

ವೇದ ಗಣಿತದ ಮಾತೂ ಅಷ್ಟೇ. ಹೆಸರಲ್ಲಿ ವೇದವಿದ್ದರೂ, ಭಾರತೀ ಕೃಷ್ಣ ತೀರ್ಥರ ಆ ಹೆಸರಿನ ಪುಸ್ತಕ ಅಚ್ಚಾದದ್ದು 1965ರಲ್ಲಿ. 98×97 ಮುಂತಾದುವಕ್ಕೆ ಬಲು ಚಂದ: ನೂರಕ್ಕೆ ಎರಡು ಕಡಿಮೆ, ಮೂರು ಕಡಿಮೆ, ಒಟ್ಟು ಐದು ಕಡಿಮೆಯಾದ್ದರಿಂದ 95 ಬರೆದು, ಪಕ್ಕದಲ್ಲಿ ಎರಡನ್ನು ಮೂರರಿಂದ ಗುಣಿಸಿ 06. ಆರನೇ ಕ್ಲಾಸಿನವರಿಗೆ ತೋರಿಸಿ, ಕುಣಿಯುತ್ತಾರೆ. ಎರಡನೇ ಕ್ಲಾಸಿನವರಿಗೆ ಅದು ಮಾಟದಂತೆ ಕಾಣುತ್ತದೆ.

6. ಅಂಗಡಿಯ ಲೆಕ್ಕವನ್ನು ಪುಸ್ತಕಕ್ಕೆ ತನ್ನಿ.

‘ಅಂಗಡಿಗೆ ಕಳಿಸಿ, ತಾನಾಗಿ ಕಲಿಯುತ್ತದೆ’ ಎನ್ನುವುದು ಅರ್ಧ ಸತ್ಯ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಗಿರಾಕಿಯ ಮುಂದೆ ಥಟ್ಟನೆ ಲೆಕ್ಕ ಹೇಳುವ ಆ ಮಕ್ಕಳಿಗೆ ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಲೆಕ್ಕ ಕಷ್ಟವಾಯಿತು. ಶಾಲೆಯ ಮಕ್ಕಳದು ತದ್ವಿರುದ್ಧ: ಕಾಗದದ ಲೆಕ್ಕ ಬರುತ್ತದೆ, ವ್ಯಾಪಾರದ ಲೆಕ್ಕ ಬರುವುದಿಲ್ಲ. ಎರಡರ ನಡುವೆ ಸೇತುವೆ ಕಟ್ಟಬೇಕಾದವರು ದೊಡ್ಡವರು.

ಹೀಗೆ ಮಾಡಬಹುದು. ಫೋನು ಜೇಬಿನಲ್ಲಿಟ್ಟು ನೂರರ ನೋಟು ಮಗುವಿನ ಕೈಗೆ ಕೊಡಿ. ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ಬಂದ ಮೇಲೆ ಮಕ್ಕಳು ಚಿಲ್ಲರೆ ಕಾಣುವುದೇ ಅಪರೂಪ. ಟೊಮೆಟೊ ಕೇಜಿಗೆ 36, ಅರ್ಧ ಕೇಜಿಗೆ ಎಷ್ಟು, ಕಾಲು ಕೇಜಿಗೆ ಎಷ್ಟು? ಮನೆಗೆ ಬಂದ ಮೇಲೆ ‘ಅಂಗಡಿಯಲ್ಲಿ ಹೇಳಿದೆಯಲ್ಲ, ಅದನ್ನೇ ಬರೆದು ತೋರಿಸು’ ಅನ್ನಿ. ಸೇತುವೆ ಇರುವುದು ಈ ಎರಡನೆಯ ಮಾತಿನಲ್ಲಿ. ಸಾಮಾನು ಒಳಗಿಡುವ ಗಡಿಬಿಡಿಯಲ್ಲಿ ನಾವು ಬಿಡುವುದೂ ಅದನ್ನೇ.

7. ಸಮ ಚಿಹ್ನೆಯನ್ನು ಒಮ್ಮೆ ಪರೀಕ್ಷಿಸಿ.

8 + 4 = __ + 5 ಎಂದು ಬರೆದು ಕೊಡಿ. 12 ಎಂದು ತುಂಬಿದರೆ ಆ ಎರಡು ಗೆರೆಗಳನ್ನು ಮಗು ‘ಉತ್ತರ ಬರೆ’ ಎಂಬ ಆಜ್ಞೆ ಎಂದುಕೊಂಡಿದೆ. ಎರಡೂ ಕಡೆ ಒಂದೇ ತೂಕ ಇರಬೇಕು ಎಂದು ಈಗಲೇ ಹೇಳಿ. ಬೀಜಗಣಿತಕ್ಕೆ ಹೋದಾಗ ಅಳುವುದು ತಪ್ಪುತ್ತದೆ.

8. ನಿಮಗೇ ಲೆಕ್ಕವೆಂದರೆ ಭಯವೇ? ಕವಡೆ ತನ್ನಿ.

ಗಣಿತದ ಭಯವಿರುವ ಪೋಷಕರು ಮೇಲಿಂದ ಮೇಲೆ ಹೋಂವರ್ಕ್ ಮಾಡಿಸಿದರೆ ಒಂದನೇ, ಎರಡನೇ ಕ್ಲಾಸಿನ ಮಕ್ಕಳು ವರ್ಷದ ಕೊನೆಗೆ ಕಲಿತದ್ದು ಕಡಿಮೆ, ಭಯ ಹೆಚ್ಚು ಎಂದು 2015ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ‘ನನಗೂ ಲೆಕ್ಕ ಬರ್ತಿರಲಿಲ್ಲ ಕಂದ’ ಎಂದು ಸಮಾಧಾನ ಮಾಡುವುದನ್ನು ನಿಲ್ಲಿಸಿ. ಚೌಕಾಬಾರದ ಮಣೆ ಹಾಸಿ: ನಾಲ್ಕು ಕವಡೆ ಅಂಗಾತ ಬಿದ್ದರೆ ನಾಲ್ಕು, ಕವುಚಿ ಬಿದ್ದರೆ ಎಂಟು. ಯಾವ ಕಾಯಿ ಎಷ್ಟು ಮನೆ ನಡೆಸಿದರೆ ಅಜ್ಜಿಯ ಕಾಯಿ ಹೊಡೆಯಬಹುದು ಎಂದು ಲೆಕ್ಕ ಹಾಕುವಾಗ ಮಗುವಿಗೆ ಅದು ಗಣಿತವೆಂಬ ಅನುಮಾನವೇ ಬರುವುದಿಲ್ಲ. ಅಳಿಗುಳಿ ಮಣೆ, ಹಾವು-ಏಣಿಯೂ ನಡೆಯುತ್ತದೆ. ಹೋಂವರ್ಕನ್ನು ಮನೆಯಲ್ಲಿ ತಾಳ್ಮೆ ಇರುವ ಇನ್ನೊಬ್ಬರು ನೋಡಿಕೊಳ್ಳಲಿ.

9. ಟೀಚರನ್ನು ಬೇರೆ ಪ್ರಶ್ನೆ ಕೇಳಿ.

‘ಎಷ್ಟು ಅಂಕ ಬಂತು?’ ಎನ್ನುವುದು ಅಂಕಪಟ್ಟಿಯಲ್ಲೇ ಇದೆ. ‘ದಶಕ ತೆಗೆದುಕೊಳ್ಳುವುದನ್ನು ಯಾವ ಮಾತಿನಲ್ಲಿ ಹೇಳಿಕೊಟ್ಟಿದ್ದೀರಿ ಮಿಸ್? ಮನೆಯಲ್ಲೂ ಅದೇ ಮಾತು ಬಳಸುತ್ತೇವೆ’ ಎಂದು ಕೇಳಿ ನೋಡಿ. ಶಾಲೆಯಲ್ಲೊಂದು, ಟ್ಯೂಷನ್ನಿನಲ್ಲೊಂದು, ಅಪ್ಪನ ಬಾಯಲ್ಲೊಂದು ಭಾಷೆಯಾದರೆ ಮಗು ಮೂರನ್ನೂ ಕಲಸಿ ಬರೆಯುತ್ತದೆ. ಶಾಲೆಯ ವಿಧಾನ ಹಿಡಿಸದಿದ್ದರೆ ಅವರ ಹತ್ತಿರವೇ ವಾದ ಮಾಡಿ. ಮಗುವಿನ ಎದುರು ‘ನಿಮ್ಮ ಮಿಸ್‌ಗೆ ಗೊತ್ತಿಲ್ಲ’ ಅನ್ನಬೇಡಿ. ಹೊರಡುವ ಮುಂಚೆ ಮುಂದಿನ ಪಾಠ ಯಾವುದೆಂದು ಕೇಳಿಕೊಳ್ಳಿ. ಭಾಗಾಕಾರ ಎಂದರೆ ಈ ಭಾನುವಾರವೇ ಒಂದು ಪಾವು ಕಡಲೆಕಾಯಿ ತಂದು, ಮನೆಮಂದಿಗೆಲ್ಲ ಸಮನಾಗಿ ಹಂಚುವ ಕೆಲಸವನ್ನು ಮಗುವಿಗೇ ಕೊಡಿ. ಉಳಿಯುವ ಎರಡೋ ಮೂರೋ ಕಾಯಿಗೆ ಜಗಳವಾಗುತ್ತದೆ. ‘ಶೇಷ’ ಎಂಬ ಮಾತನ್ನು ಆಗಲೇ ಹೇಳಿಕೊಡಿ.